ಕೇಳಿದಷ್ಟು ಕೊಟ್ಟು ತಂದ ಬಾಗಿಲು

ಪುಕ್ಕಟೆ ಸಿಗುವ ಸೊಪ್ಪಿಗೆ ನಾನು ಎರಡು ಸಾವಿರದ ಆರುನೂರು ರೂಪಾಯಿ ಕೊಟ್ಟೆ. ಹೆಬ್ಬೆರಳು ಗಾತ್ರದ ಒಂದು ಬಾಟಲಿ, ಅದರೊಳಗೆ ಕಡುಹಸಿರು ಎಣ್ಣೆ, ಮುಚ್ಚಳದಲ್ಲಿ ಹನಿ ಹಾಕುವ ಡ್ರಾಪರ್. ಆಯುರ್ವೇದದವರು ಅದರ ಗಿಡಕ್ಕೆ ವಿಜಯಾ ಎನ್ನುತ್ತಾರೆ, ನಮ್ಮ ಕಡೆ ಭಂಗಿ ಎನ್ನುತ್ತಾರೆ, ಪೊಲೀಸರು ಏನೆನ್ನುತ್ತಾರೆಂದು ನಿಮಗೇ ಗೊತ್ತು. ದನಕ್ಕೆ ಭೇದಿ ಹತ್ತಿದರೆ ನಮ್ಮಜ್ಜಿ ಅರೆದು ಕುಡಿಸುತ್ತಿದ್ದದ್ದೂ ಇದೇ ಸೊಪ್ಪು. ಯಾವ ದನವೂ ಅದಕ್ಕೆ ಬಿಡಿಗಾಸು ಕೊಟ್ಟದ್ದಿಲ್ಲ. ನಾನು ಕೊಟ್ಟೆ, ಅದೂ ಎಂಆರ್‌ಪಿಗೆ, ಐದು ರೂಪಾಯಿ ಕೂಡ ಬಿಡಿಸದೆ. ಕೊಟ್ಟದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಆದ್ದರಿಂದ ಯಾಕೆಂದು ವಿವರವಾಗಿಯೇ ಹೇಳಬೇಕು.

ಹಳೆಯ ಮನೆ ಕೆಡವಿದಲ್ಲಿ ಬಾಗಿಲು, ಕಿಟಕಿ, ತೊಲೆಗಳನ್ನು ಕೊಂಡು ಮಾರುವುದು ನನ್ನ ಕಸುಬು. ಸೈಕಲ್ಲಿನ ಕ್ಯಾರಿಯರಿಗೆ ಒಂದು ಕಿಟಕಿ ಕಟ್ಟಿಕೊಂಡು ಶುರು ಮಾಡಿದವನಿಗೆ ಈಗ ಸಾಗರದ ಹೊರಗೆ ದೊಡ್ಡ ಶೆಡ್ಡಿದೆ. ಈ ವ್ಯಾಪಾರದಲ್ಲಿ ಮರ ಗೊತ್ತಿದ್ದರೆ ಸಾಲದು, ಮನುಷ್ಯನ ಮುಖ ಗೊತ್ತಿರಬೇಕು. ಬಾಗಿಲು ಎಷ್ಟೇ ಚೆನ್ನಾಗಿರಲಿ, ನೋಡಿದ ತಕ್ಷಣ ಒಂದು ನಿಟ್ಟುಸಿರು ಬಿಡಬೇಕು. ಮೂಲೆಗೆ ಬೆರಳಲ್ಲಿ ತಟ್ಟಿ, ಏನನ್ನೂ ಹೇಳದೆ, ಮನೆಯವರ ಕಾಫಿ ಕುಡಿಯಬೇಕು. ಕಾಫಿ ಮುಗಿಯುವಷ್ಟರಲ್ಲಿ ಬೆಲೆ ತಾನಾಗಿ ಇಳಿದಿರುತ್ತದೆ. ಇದು ಅಂಗಡಿಗೆ ಮಾತ್ರ ಸೀಮಿತವಾದ ಅಭ್ಯಾಸವಲ್ಲ. ಹಲ್ಲಿನ ಡಾಕ್ಟರ ಹತ್ತಿರ, “ಎರಡು ಹಲ್ಲು ಒಟ್ಟಿಗೇ ಕಿತ್ರೆ ಎಷ್ಟು ಬಿಡ್ತೀರಿ?” ಎಂದು ಬಾಯಿ ತೆರೆದುಕೊಂಡೇ ಕೇಳಿದವನು ನಾನು. “ನಮ್ಮ ಮದುವೇಲಿ ಮುಹೂರ್ತಕ್ಕೂ ಚೌಕಾಸಿ ಮಾಡಿದ್ರು” ಎಂದು ನನ್ನ ಹೆಂಡತಿ ಜಯಂತಿ ಬಂದವರಿಗೆಲ್ಲ ಹೇಳುತ್ತಾಳೆ. ಅದು ಸುಳ್ಳು. ನಾನು ಚೌಕಾಸಿ ಮಾಡಿದ್ದು ವಾಲಗದವರ ಹತ್ತಿರ.

ಇಂಥ ನಾನು ಒಂದು ದಿನ ಬ್ಯಾಕೋಡಿನ ಕಡೆ ಒಂದು ಬಾಗಿಲು ನೋಡಲು ಹೋದೆ. ಹಲಸಿನ ಮರದ ಜೋಡಿ ಬಾಗಿಲು, ಹಿತ್ತಾಳೆ ಬಳೆ. ಮನೆಯವರು ನಲವತ್ತು ಸಾವಿರ ಅಂದರು. ನಾನು ಸರಿ ಅಂದೆ. ಆ ಮನುಷ್ಯ ಹೆದರಿಬಿಟ್ಟರು. “ಹಂಗೆ ಸರಿ ಅಂದ್ರೆ ಹೆಂಗೆ ಮಾರಾಯ್ರೆ? ಸ್ವಲ್ಪ ಕೇಳಿ ಮಾಡಿ. ನಾನೇನಾದ್ರೂ ಕಡಿಮೆ ಹೇಳ್ಬಿಟ್ನಾ?” ನನಗೆ ಕೇಳುವುದಕ್ಕೂ ಬೇಸರ, ನಿಲ್ಲುವುದಕ್ಕೂ ಬೇಸರ. ದುಡ್ಡು ಕೊಟ್ಟು ಬಾಗಿಲು ಹೇರಿಕೊಂಡು ಬಂದೆ.

ಮನೆಯಲ್ಲಿ ಜಯಂತಿ ಎಂದಿನಂತೆ ಕೇಳಿದಳು, “ಎಷ್ಟು ಹೇಳಿದ್ರು?”

“ನಲವತ್ತು.”

“ಎಷ್ಟಕ್ಕೆ ತಂದ್ರಿ?”

“ನಲವತ್ತು.”

ಅವಳು ಸೌಟು ಕೆಳಗಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ. ಮತ್ತೆಂತ ಆಯ್ತು ನಿಮಗೆ?” ಎಂದಳು. ನಾನು ನಗಿಸಲು ನೋಡಿದೆ, ಆಗಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದೆ. ಕೆಲವು ತಿಂಗಳಿಂದ ಫೋನ್ ಬಡಿದುಕೊಂಡರೆ ಎದೆಯೂ ಬಡಿದುಕೊಳ್ಳುತ್ತದೆ. ಊಟ ರುಚಿಸುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಮೊದಲೆಲ್ಲ ಒಂದು ಬಾಗಿಲು ನೋಡಿದರೆ ಅದನ್ನು ಯಾರ ಮನೆಗೆ ಹೊಂದಿಸಬಹುದೆಂದು ತಲೆ ಓಡುತ್ತಿತ್ತು. ಈಗ ಬಾಗಿಲೆಂದರೆ ಬರೀ ಹಲಗೆ. ಅವಳು ನಗಲಿಲ್ಲ. ಅಡುಗೆಮನೆಗೂ ವಾಪಸು ಹೋಗಲಿಲ್ಲ.

ಆತಂಕಕ್ಕೂ ಖಿನ್ನತೆಗೂ ಒಂದೇ ಎಣ್ಣೆ ಎಂಬ ಜಾಹೀರಾತು ಆಗಲೇ ನನ್ನ ಮೊಬೈಲಿಗೆ ಬಂದಿತ್ತು. ಅದನ್ನು ಅರಳಸುರಳಿಯ ಗೆಳೆಯ ಶೇಖರಪ್ಪನಿಗೆ ಫೋನಿನ ಸ್ಪೀಕರ್ ಹಾಕಿಕೊಂಡು ಓದಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. “ಎಂಥದಾ ಮಾರಾಯ, ಭಂಗಿ ಸೊಪ್ಪಿಗೆ ಎರಡೂವರೆ ಸಾವಿರನಾ? ನಿಂಗೆ ಎಷ್ಟು ಬೇಕು ಹೇಳು, ಚೀಲದಲ್ಲಿ ತುಂಬಿ ಪುಕ್ಕಟೆ ಕಳಿಸ್ತೀನಿ.” ಜಯಂತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, “ಶೇಖರಣ್ಣ, ನಿಮ್ಮ ಚೀಲ ನೀವೇ ಇಟ್ಕೊಳ್ಳಿ. ಇವರಿಗೆ ಇರೋ ಕಾಯಿಲೆ ಸಾಕು, ಅದರ ಮೇಲೆ ಜೈಲು ಬೇಡ” ಅಂದಳು. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೂ ನನ್ನ ಮುಖ ಅರಳಲಿಲ್ಲವಂತೆ. ಅದನ್ನು ಕಂಡೇ ಅವಳು ನಿಜವಾಗಿ ಹೆದರಿದ್ದು. ಹುಚ್ಚಿನ ಡಾಕ್ಟರ ಹತ್ತಿರ ಬರುವುದಿಲ್ಲ, ಬೇಕಾದರೆ ಆ ಎಣ್ಣೆ ಕೊಡಿಸು ಎಂದು ನಾನು ಹಟ ಹಿಡಿದೆ. ಅವಳು ನನ್ನನ್ನು ತೀರ್ಥಹಳ್ಳಿಯ ಒಬ್ಬ ಆಯುರ್ವೇದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ನನ್ನ ಮಾತನ್ನೂ, ಬಾಗಿಲಿನ ಕಥೆಯನ್ನೂ ಪೂರ್ತಿ ಕೇಳಿದರು. ಆಮೇಲೆ, “ಎಣ್ಣೆ ನನ್ನ ಹತ್ರ ಇದೆ. ಆದ್ರೆ ಇವತ್ತು ಕೊಡಲ್ಲ” ಅಂದರು. ಕಪಾಟಿನಲ್ಲಿ ಮಾಲು, ಎದುರಿಗೆ ಗಿರಾಕಿ, ಗಿರಾಕಿಯ ಜೇಬಿನಲ್ಲಿ ದುಡ್ಡು. ಆದರೂ ಮಾರುವುದಿಲ್ಲ! ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥವರನ್ನು ನೋಡಿರಲಿಲ್ಲ. “ಖಿನ್ನತೆಗೆ ಇದೇ ಮದ್ದು ಅನ್ನೋಕೆ ಗಟ್ಟಿ ಆಧಾರ ಇನ್ನೂ ಇಲ್ಲ. ಕೆಲವರಿಗೆ ಆತಂಕ ತಗ್ಗುತ್ತೆ, ನಿದ್ದೆ ಬರುತ್ತೆ. ಕೆಲವರಿಗೆ ಗಾಬರಿ ಹೆಚ್ಚೂ ಆಗುತ್ತೆ. ಮೊದಲು ಶಿವಮೊಗ್ಗಕ್ಕೆ ಹೋಗಿ ಮನೋವೈದ್ಯರಿಗೆ ತೋರಿಸಿ” ಎಂದರು. ನಾನು ಮುಖ ಗಂಟಿಕ್ಕಿದೆ. ಅವರು ಕೇಳಿದರು, “ಯಜಮಾನ್ರೇ, ಬಾಗಿಲಿಗೆ ಗೆದ್ದಲು ಹಿಡಿದಿದ್ರೆ ಬರೀ ಪಾಲಿಶ್ ಹೊಡೆದು ಕೊಡ್ತೀರಾ?” ನನ್ನ ಕಸುಬಿನ ಬಗ್ಗೆ ಅವರಿಗಿದ್ದ ಒಳ್ಳೆಯ ಅಭಿಪ್ರಾಯವನ್ನು ಕೆಡಿಸುವುದು ಬೇಡವೆಂದು ಶಿವಮೊಗ್ಗಕ್ಕೆ ಹೋಗಲು ಒಪ್ಪಿಕೊಂಡೆ.

ಶಿವಮೊಗ್ಗದ ಡಾಕ್ಟರು ನನ್ನನ್ನು ಹುಚ್ಚ ಅನ್ನಲಿಲ್ಲ. ಮಾತಾಡಿಸಿದರು, ಮಾತ್ರೆ ಕೊಟ್ಟರು, ದಿನಾ ನಡೆಯಲು ಹೇಳಿದರು. ಕೆಲವು ವಾರಗಳಲ್ಲಿ ಊಟ ಸೇರತೊಡಗಿತು. ಆದರೂ ದಿಂಬಿಗೆ ತಲೆಯಿಟ್ಟರೆ ಎದೆಯ ಓಟ ನಿಲ್ಲಲಿಲ್ಲ. ಆಗ ಇಬ್ಬರು ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡ ಮೇಲೆ ಆ ಬಾಟಲಿ ನನ್ನ ಕೈಗೆ ಬಂತು. ಮಲಗುವ ಮುಂಚೆ ನಾಲ್ಕೇ ಹನಿ. ಮಾತ್ರೆ ನಿಲ್ಲಿಸಬಾರದು, ಹೆಂಡ ಮುಟ್ಟಬಾರದು, ಹನಿ ಹಾಕಿಕೊಂಡು ಗಾಡಿ ಓಡಿಸಬಾರದು. ಲೇಬಲ್ಲಿನ ಮೇಲೆ ಬ್ಯಾಚ್ ನಂಬರು, ತಯಾರಕರ ಲೈಸೆನ್ಸು, ಯಾವ ಅಂಶ ಎಷ್ಟು ಎಂಬ ವಿವರ. ಬೇಲಿಯಾಚೆ ತಲೆಮರೆಸಿಕೊಂಡು ಬೆಳೆಯುತ್ತಿದ್ದ ಭಂಗಿ ಇಷ್ಟು ಮರ್ಯಾದಸ್ಥ ಆದದ್ದು ಕಂಡು ನನಗೆ ಗೌರವವೇ ಬಂತು. ನಾಲ್ಕು ಹನಿ ನಾಲಿಗೆಯಡಿ ಬಿಟ್ಟುಕೊಂಡು, ಆಕಾಶದಲ್ಲಿ ತೇಲುವುದಕ್ಕೆ ತಯಾರಾಗಿ ಮಲಗಿದೆ. ತೇಲಲೂ ಇಲ್ಲ, ನಗೆಯೂ ಬರಲಿಲ್ಲ. ದುಡ್ಡು ದಂಡವಾಯಿತು ಅಂದುಕೊಳ್ಳುತ್ತಿದ್ದಂತೆ ಬೆಳಗಾಗಿತ್ತು.

ಮುಂದಿನ ಸಲ ತೀರ್ಥಹಳ್ಳಿಗೆ ಹೋದಾಗ ಕುರ್ಚಿಯಲ್ಲಿ ಕೂತವನೇ ಒಂದು ನಿಟ್ಟುಸಿರು ಬಿಟ್ಟೆ. “ಡಾಕ್ಟ್ರೇ, ನಾಲ್ಕು ಹನಿ ಬಹಳ ಕಡಿಮೆ ಆಯ್ತು. ಆರು ಮಾಡಿ.”

“ನಾಲ್ಕು.”

“ದೂರದಿಂದ ಬರ್ತೀವಿ. ಹೋಗ್ಲಿ, ನಿಮಗೂ ಬೇಡ ನಮಗೂ ಬೇಡ, ಐದು.”

ಪಕ್ಕದಲ್ಲಿ ಜಯಂತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೆ ಅಂದುಕೊಂಡೆ. ನೋಡಿದರೆ ಕಣ್ಣಲ್ಲಿ ನೀರು. “ಬಂದ್ರು ಡಾಕ್ಟ್ರೇ, ನಮ್ಮನೆಯವರು ವಾಪಸ್ ಬಂದ್ರು” ಅಂದಳು.

“ಬಂದ್ರು. ಆದ್ರೂ ನಾಲ್ಕೇ” ಅಂದರು ಡಾಕ್ಟರಮ್ಮ.

ಗುಣವಾದದ್ದು ಮಾತ್ರೆಯಿಂದಲೋ ಎಣ್ಣೆಯಿಂದಲೋ ಎಂದು ಕೇಳಿದೆ. “ಮಾತ್ರೆ, ಮಾತು, ನಡಿಗೆ, ಎಣ್ಣೆ, ಎಲ್ಲಾ ಪಾಲುದಾರರು. ನನ್ನ ಎಣ್ಣೇದು ಸಣ್ಣ ಪಾಲಿರಬಹುದು” ಎಂದರು. ತನ್ನ ಮಾಲಿನ ಗುಣವನ್ನು ತಾನೇ ಕಡಿಮೆ ಮಾಡಿ ಹೇಳುವ ವ್ಯಾಪಾರ ನಮ್ಮಂಥವರಿಗೆ ಒಗ್ಗುವುದಲ್ಲ. ಆದರೆ ಅಂಥವರು ಕೊಟ್ಟ ಮಾಲನ್ನು ಕಣ್ಣು ಮುಚ್ಚಿ ನುಂಗಬಹುದು.

ಇನ್ನು ನಿಮಗೆ ನಾನು ಹೇಳುವುದಿಷ್ಟು. ಜಾಹೀರಾತು ನೋಡಿ ಎಣ್ಣೆ ತರಿಸಬೇಡಿ, ಗೆಳೆಯರ ಚೀಲಕ್ಕೆ ಕೈ ಹಾಕಬೇಡಿ. ಡಾಕ್ಟರ ಚೀಟಿ ಇಲ್ಲದೆ ಕೊಡುತ್ತೇನೆ ಎಂದವನ ಅಂಗಡಿಯಿಂದ ಎದ್ದು ಬನ್ನಿ. ಈಗಾಗಲೇ ಬೇರೆ ಮಾತ್ರೆ ತಿನ್ನುತ್ತಿದ್ದರೆ ಮುಚ್ಚಿಡದೆ ಹೇಳಿ. ಬೆಲೆಯ ಬಗ್ಗೆ ಬೇಕಾದರೆ ಚೌಕಾಸಿ ಮಾಡಿ, ಹನಿಯ ಬಗ್ಗೆ ಬೇಡ. ಎಲ್ಲಕ್ಕಿಂತ ಮುಖ್ಯ, ಜೀವಮಾನವಿಡೀ ಚೌಕಾಸಿ ಮಾಡಿದ ಗಂಡ ಒಂದು ದಿನ ಕೇಳಿದಷ್ಟು ಕೊಟ್ಟು ಬಂದರೆ, ಕೊನೆಗೂ ಉದಾರಿಯಾದ ಎಂದು ಸಂತೋಷಪಡಬೇಡಿ. ಹಣೆ ಮುಟ್ಟಿ ನೋಡಿ. ಹಾಗೆಯೇ ನೀವು ಸಾಗರಕ್ಕೆ ಬಂದಾಗ, ಆ ಹಲಸಿನ ಬಾಗಿಲು ಇನ್ನೂ ನನ್ನ ಶೆಡ್ಡಿನಲ್ಲೇ ಇದೆ. ನೀವು ಕೇಳಿದ ಮೊದಲ ಬೆಲೆಗೇ ನಾನು ಅದನ್ನು ಕೊಟ್ಟುಬಿಟ್ಟರೆ, ಗಾಡಿಗೆ ಹೇರುವ ಮೊದಲು ದಯವಿಟ್ಟು ಜಯಂತಿಗೊಂದು ಫೋನ್ ಮಾಡಿ.