ಪಾಲಿನೇಷ್ಯಾದ ಫುಟ್‌ಬಾಲೂ ನಮ್ಮ ಹುರುಳಿಯೂ

ಪಾಲಿನೇಷ್ಯಾದ ಪುಟ್ಟ ದ್ವೀಪದೇಶಗಳಲ್ಲಿ ಫುಟ್‌ಬಾಲ್ ಉದ್ಧಾರವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಚಳ್ಳಕೆರೆಯಲ್ಲಿ ಈ ವಿಷಯದ ಬಗ್ಗೆ ಅಭಿಪ್ರಾಯ ಇಟ್ಟುಕೊಂಡವನು ನಾನೊಬ್ಬನೇ ಆದ್ದರಿಂದ ಇದುವರೆಗೆ ಯಾರೂ ವಿರೋಧಿಸಿರಲಿಲ್ಲ.

ನನ್ನ ಹೆಂಡತಿ ಶಾರದಾ ದೇವಸಮುದ್ರದ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಆಟದ ಮೇಡಂ. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದ್ದಳು. ಆಡಲು ಜಾಗವೊಂದೇ ಇರಲಿಲ್ಲ. ಶಾಲೆಯ ಪಕ್ಕದ ಬಯಲಿನಲ್ಲಿ ಊರವರು ಸುಗ್ಗಿಗೆ ಶೇಂಗಾ ಕಣ ಮಾಡುತ್ತಿದ್ದರು. ಅದನ್ನು ಬಿಟ್ಟುಕೊಡಲು ಹಿರಿಯರಾದ ಪಾಲಯ್ಯನವರು ಮುಕ್ಕಾಲು ಪಾಲು ಒಪ್ಪಿದ್ದರು. ಭಾನುವಾರ ಶಾಲೆಯ ಜಗಲಿಯಲ್ಲಿ ಸಭೆ.

"ನಾನೂ ನಾಲ್ಕು ಮಾತಾಡ್ತೀನಿ," ಎಂದೆ.

"ಬ್ಯಾಡ. ಬಂದು ಸುಮ್ನೆ ಕೂತ್ಕೊಳ್ರಿ, ಸಾಕು."

ವಿಶ್ವವಿದ್ಯಾಲಯದಲ್ಲಿ ಓದಿದವನು ಸುಮ್ಮನೆ ಕೂರುವುದೆಂದರೇನು! ಎದ್ದು ನಿಂತೆ. ಮೈದಾನವಿಲ್ಲದವರ ಗತಿ ಏನಾಗುತ್ತದೆಂದು ತೋರಿಸಿಕೊಟ್ಟರೆ ಬಯಲು ನಮ್ಮದೇ ಎಂಬುದು ನನ್ನ ತರ್ಕ.

"ಟೋಂಗಾ ಎಂಬ ದೇಶವಿದೆ. ಅಲ್ಲ, ಸಮೋವಾ. ಕ್ಷಮಿಸಿ, ಟುವಾಲು. ಚಳ್ಳಕೆರೆ ಸಂತೆಯ ಜನವೂ ಅಲ್ಲಿಲ್ಲ. ಬಯಲೂ ಇಲ್ಲ. ವಿಮಾನ ಇಳಿಯುವ ರಸ್ತೆಯ ಮೇಲೆ ಚೆಂಡು ಒದೆಯುತ್ತಾರೆ! ವಿಮಾನ ಬಂದರೆ ಸೈರನ್ ಕೂಗುತ್ತದೆ, ಎಲ್ಲರೂ ಪಕ್ಕಕ್ಕೆ ಓಡುತ್ತಾರೆ. ಇದೂ ಒಂದು ಆಟವೇ?"

ನಗು ಬರುತ್ತದೆಂದು ಕಾದೆ. ಬರಲಿಲ್ಲ.

"ವಿಮಾನ ದಿನಕ್ಕೆಷ್ಟು ಬರ್ತಾವೆ ಸಾರ್?" ಪಾಲಯ್ಯ ಕೇಳಿದರು.

"ವಾರಕ್ಕೆ ಒಂದೆರಡು ಇರಬೇಕು."

"ನಮ್ಮೂರಿಗೆ ದಿನಕ್ಕೆ ಬಸ್ಸು ಎರಡೇ," ಎಂದು ಅವರು ಊರವರತ್ತ ತಿರುಗಿದರು. "ಹುರುಳೀನ ಹೆಂಗೂ ಟಾರ್ ರೋಡಿಗೆ ಹಾಸ್ತೀವಿ, ಗಾಲಿ ಹತ್ತಿ ಒಕ್ಕಣೆ ಆಗ್ಲಿ ಅಂತ. ಅದರ ಮ್ಯಾಲೇ ಆಡ್ಲಿ ಬಿಡ್ರಿ. ವಿಮಾನಕ್ಕೇ ಸರಿದು ನಿಲ್ತಾರಂತೆ, ಬಸ್ಸು ಯಾವ ಮಹಾ? ಹುರುಳೀನೂ ತುಳ್ದಂಗಾಗ್ತೈತೆ, ಶೇಂಗಾ ಕಣಾನೂ ಉಳೀತೈತೆ."

ಸಭೆ ತಲೆದೂಗಿತು.

"ಅಯ್ಯೋ, ಆ ದೇಶ ಸೋಲುತ್ತಲೇ ಇರುತ್ತದೆ ಪಾಲಯ್ಯನವರೇ!"

"ನೋಡಿದ್ದೀರಾ?"

"ಓದಿದ ನೆನಪು."

"ಅದೆಂಥ ನೆನಪು ಸಾರ್? ನಿಂತ ಜಾಗದಾಗೆ ಮೂರು ದೇಶ ಬದಲಾಯ್ಸಿದ್ರಿ."

ಸಭೆ ಮುಗಿಯಿತು. ವಾಪಸು ಬಸ್ಸಿನಲ್ಲಿ ಶಾರದಾ ನನಗಿಂತ ಐದು ಸೀಟು ಮುಂದೆ ಕೂತಳು.

ಈಗ ಹುಡುಗಿಯರು ಹುರುಳಿಯ ಮೇಲೆ ಜಾರಿ ಬೀಳುತ್ತ, ಎದ್ದು ಆಡುತ್ತಾರೆ. ನಾನು ಮಾಡಿದ ಅನಾಹುತಕ್ಕೆ ಶಾರದಾ ನನಗೊಂದು ಹುದ್ದೆ ಕೊಟ್ಟಿದ್ದಾಳೆ. ಪ್ರತಿ ಭಾನುವಾರ ರಸ್ತೆಯ ತಿರುವಿನಲ್ಲಿ ನಿಂತು, ಬಸ್ಸು ಕಂಡ ಕೂಡಲೇ ಹುಡುಗಿಯರತ್ತ ಕೆಂಪು ಟವೆಲ್ ಬೀಸಬೇಕು. ಕಳೆದ ವಾರ ಬಲು ಶಿಸ್ತಿನಿಂದ ಬೀಸಿದೆ. ಹುಡುಗಿಯರು ನೋಡಲಿಲ್ಲ. ಡ್ರೈವರ್ ನೋಡಿದ. ಬಸ್ಸು ನನ್ನ ಪಕ್ಕದಲ್ಲೇ ನಿಂತಿತು.

"ಹತ್ರೀ, ಬೇಗ," ಎಂದ ಕಂಡಕ್ಟರ್.

ವಿವರಿಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆಯಿಂದ ಶಾರದಾಳ ದನಿ ಕೇಳಿಸಿತು: "ಹತ್ಕೊಂಡು ಹೋಗ್ರಿ, ಅತ್ಲಾಗೆ!"

ಹತ್ತಿದೆ.