ಕೆಟ್ಟು ಬಂದ ಫ್ಯಾನು ತಿರುಗಿದ ಬಗ್ಗೆ

ಸುತ್ತೋಲೆ ಸಂಖ್ಯೆ: ದಾ.ಕೊ/ಫ್ಯಾನು/ತಿರುಗುವಿಕೆ/೦೧

ವಿಷಯ: ಮನೆಯಿಂದ ತಂದ ಹಳೆಯ ಮೇಜಿನ ಫ್ಯಾನನ್ನು ಪೂರ್ವಾನುಮತಿಯಿಲ್ಲದೆ ಸ್ವಚ್ಛಗೊಳಿಸಿ, ತಿರುಗುವಂತೆ ಮಾಡಿರುವ ಕುರಿತು.

ಉಲ್ಲೇಖ: ಗೇಟಿನ ಕಾವಲುಗಾರರ ವಹಿ, ಪುಟ ೪೭: "ಕೆಟ್ಟ ಫ್ಯಾನು, ಒಂದು."

ಕಿಟಕಿಯಿಲ್ಲದ ದಾಖಲೆ ಕೊಠಡಿಯ ಗುಮಾಸ್ತೆಯವರು ಕಳೆದ ವಾರ ಸೆಖೆಗೆ ಎರಡು ಸಲ ತಲೆಸುತ್ತಿ ಬಿದ್ದಿರುತ್ತಾರೆ. ಅನುಮತಿಯಿಲ್ಲದೆ ಬಿದ್ದದ್ದನ್ನು ಇಲಾಖೆಯು ಉದಾರವಾಗಿ ಮನ್ನಿಸಿದೆ. ಆದರೆ ಅವರು ಅತ್ತೆಯವರ ಕಾಲದ ಫ್ಯಾನೊಂದನ್ನು ಅಟ್ಟದಿಂದ ಇಳಿಸಿ ತಂದು, ಕಚೇರಿಯ ಎಲೆಕ್ಟ್ರಿಷಿಯನ್ನರು "ಇದು ಸತ್ತೋಗಿದೆ ಅಕ್ಕಾ, ಗುಜರಿಗೆ ಹಾಕಿ" ಎಂದು ಪ್ರಮಾಣೀಕರಿಸಿದ ಮೇಲೂ, ಊಟದ ವಿರಾಮದಲ್ಲಿ ಅದನ್ನು ಬಿಚ್ಚಿರುವುದು ಗಮನಕ್ಕೆ ಬಂದಿದೆ. ಅವರ ಹೇಳಿಕೆ ಇಂತಿದೆ:

"ಜಾಲರಿ ಸೋಪುನೀರಲ್ಲಿ ತೊಳ್ದೆ. ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಧೂಳು ತೆಗ್ದು, ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಟ್ಟೆ. ಕೆಪಾಸಿಟರ್ ಹೊಸದು ಹಾಕ್ದೆ. ತಿರುಗ್ತು. ಇದ್ರಲ್ಲಿ ನನ್ ತಪ್ಪೇನು ಸಾರ್?"

ತಪ್ಪೇನೆಂಬುದನ್ನು ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

೧. ವಹಿಯ ಪ್ರಕಾರ ಒಳಬಂದದ್ದು ಕೆಟ್ಟ ಫ್ಯಾನು. ಕೊಠಡಿಯಲ್ಲಿ ಕಂಡದ್ದು ತಿರುಗುವ ಫ್ಯಾನು. ವಹಿ ತಪ್ಪುವುದಿಲ್ಲವಾದ್ದರಿಂದ ಇವು ಎರಡು ಬೇರೆ ಬೇರೆ ಫ್ಯಾನುಗಳೆಂದು ನಿರ್ಧರಿಸಲಾಗಿದೆ.

೨. ತಿರುಗುವ ಫ್ಯಾನು ಒಳಬಂದ ದಾಖಲೆ ಇಲ್ಲ. ಆದ್ದರಿಂದ ಅದು ಮೊದಲಿನಿಂದಲೂ ಇಲ್ಲಿಯೇ ಇದ್ದು, ಇಲಾಖೆಯ ಸ್ವತ್ತಾಗಿರುತ್ತದೆ.

೩. ಗುಮಾಸ್ತೆಯವರು ತಮ್ಮ ಕೆಟ್ಟ ಫ್ಯಾನನ್ನು ಮೂರು ದಿನಗಳೊಳಗೆ ಹಾಜರುಪಡಿಸತಕ್ಕದ್ದು.

೪. ಫ್ಯಾನಿನ ಬುಡದಲ್ಲಿ ಅತ್ತೆಯವರು ಮೊಳೆಯಿಂದ ಗೀಚಿದ "ಪುಟ್ಟಿ" ಎಂಬ ಮೊಮ್ಮಗಳ ಹೆಸರಿದೆ ಎಂಬ ವಾದವನ್ನು ಪರಿಶೀಲಿಸಲಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು, ಇದು ಸಾಕ್ಷ್ಯವಾಗುವುದಿಲ್ಲ. ಸದರಿ ಪುಟ್ಟಿಯು ಇಲಾಖೆಯ ಮೊಮ್ಮಗಳಲ್ಲ ಎಂಬುದಕ್ಕೆ ಯಾವುದೇ ದೃಢೀಕರಣ ಪತ್ರ ಲಗತ್ತಿಸಿಲ್ಲ.

೫. ಹತ್ತು ವರ್ಷ ಮೀರಿದ ಧೂಳು ದಾಖಲೆಯೆನಿಸುತ್ತದೆ. ಅದನ್ನು ತೊಳೆಯದೆ ಕಡತದಲ್ಲಿ ಇರಿಸತಕ್ಕದ್ದು. ಎಣ್ಣೆಯ ಮೊದಲನೆಯ ಹನಿಗೆ ಅರ್ಜಿ, ಎರಡನೆಯದಕ್ಕೆ ಮೇಲ್ಮನವಿ ಕಡ್ಡಾಯ.

೬. ಫ್ಯಾನು ಎಡಕ್ಕೂ ಬಲಕ್ಕೂ ಕತ್ತು ಆಡಿಸುವುದು ಮೇಲಧಿಕಾರಿಗಳಿಗೆ "ಇಲ್ಲ" ಎಂದಂತೆ ಕಾಣುವುದರಿಂದ ನಿಷೇಧಿಸಲಾಗಿದೆ. ಫ್ಯಾನು ಅಧಿಕಾರಿಗಳ ಮುಖವನ್ನೇ ನೋಡುತ್ತಿರತಕ್ಕದ್ದು.

೭. ತನಿಖೆಯ ಸಲುವಾಗಿ ಫ್ಯಾನನ್ನು ಕೆಳಗೆ ಸಹಿ ಮಾಡಿದವರ ಕೊಠಡಿಯಲ್ಲಿ, ಎರಡು ಕಿಟಕಿಗಳ ನಡುವೆ ಇರಿಸಲಾಗಿದೆ. ತನಿಖೆಯು ಮೂರನೆಯ ವೇಗದಲ್ಲಿ ಸಾಗುತ್ತಿದ್ದು, ಬೇಸಿಗೆ ಕಳೆಯುವ ಮುನ್ನ ಮುಗಿಯುವ ಸಂಭವವಿಲ್ಲ.

ಸಹಿ/-
ಮೇಲ್ವಿಚಾರಣಾಧಿಕಾರಿ
(ಸಹಿ ಮಾಡಿದ ಮೊದಲ ಪ್ರತಿ ಗಾಳಿಗೆ ಹಾರಿಹೋದ ಕಾರಣ ಇದು ಎರಡನೆಯದು.)

ಪ್ರತಿಗಳು:
೧. ಕಾವಲುಗಾರರಿಗೆ, ವಹಿ ಬರೆದ ಬಗ್ಗೆ ಪ್ರಶಂಸೆಯೊಂದಿಗೆ.
೨. ಎಲೆಕ್ಟ್ರಿಷಿಯನ್ನರಿಗೆ. ಫ್ಯಾನು ಸತ್ತಿದೆ ಎಂಬ ಅವರ ಅಭಿಪ್ರಾಯವನ್ನು ಇಲಾಖೆ ಈಗಲೂ ಒಪ್ಪುತ್ತದೆ.
೩. ಪುಟ್ಟಿಗೆ, ಮಾಹಿತಿಗಾಗಿ.
೪. ದಾಖಲೆ ಕೊಠಡಿಯ ಗುಮಾಸ್ತೆಯವರಿಗೆ, ದಪ್ಪ ರಟ್ಟಿನ ಮೇಲೆ ಅಂಟಿಸಿ. ಸೆಖೆಯಾದಲ್ಲಿ ಬೀಸಿಕೊಳ್ಳಬಹುದು.