ಪೂಜೆಗಿಟ್ಟ ಶಾಕ್ ಪೆಟ್ಟಿಗೆ

ನಮ್ಮ ಸೋದರತ್ತೆಯ ಕಣ್ಣಿಗೆ ಲೋಕದಲ್ಲಿ ಎರಡೇ ಬಗೆಯ ಜನ: ಈಗಾಗಲೇ ಕುಸಿದು ಬಿದ್ದವರು, ಇನ್ನೇನು ಬೀಳಲಿರುವವರು. ನಾನು ಎರಡನೇ ಗುಂಪಿನವನೆಂದು ಅವರು ಬಹಳ ಹಿಂದೆಯೇ ತೀರ್ಮಾನಿಸಿದ್ದರು. "ಹೊಟ್ಟೆ ನೋಡ್ಕೊಳೋ, ಮೆಟ್ಲು ಹತ್ತಿದ್ರೆ ಹೆಂಗೆ ಏದುಸಿರು ಬಿಡ್ತೀಯ" ಎಂದು ಹಬ್ಬದ ಎಲೆಯ ಮುಂದೆಯೇ ಶುರುಮಾಡುತ್ತಿದ್ದರು. ಹೋಳಿಗೆ ಗಂಟಲಲ್ಲಿ ಇಳಿಯುವುದು ಹೇಗೆ ಸ್ವಾಮಿ?

ಅತ್ತೆ ಎಂದರೆ ಅಪ್ಪನ ತಂಗಿ. ಯಲಹಂಕದ ಒಂದು ಶಾಲೆಯಲ್ಲಿ ಡ್ರಿಲ್ ಟೀಚರಾಗಿ ನಿವೃತ್ತರಾದವರು. ಅದೇ ಶಾಲೆಯಲ್ಲಿ ನಾನು ಸಮಾಜ ಪಾಠ ಮಾಡುತ್ತೇನೆ. ಅವರು ನಿವೃತ್ತರಾದರೂ ಅವರ ಕೊರಳಿನ ಸೀಟಿ ನಿವೃತ್ತಿಯಾಗಿರಲಿಲ್ಲ. ತರಕಾರಿ ಗಾಡಿ ನಿಲ್ಲಿಸುವುದಕ್ಕೂ ಸೀಟಿ, ಮೊಮ್ಮಕ್ಕಳನ್ನು ಏಳಿಸುವುದಕ್ಕೂ ಸೀಟಿ.

ಹೀಗಿದ್ದವರು ಯಾವುದೋ ಆಸ್ಪತ್ರೆಯವರ ಪ್ರಥಮ ಚಿಕಿತ್ಸೆ ತರಬೇತಿಗೆ ಹೋಗಿಬಂದರು. ಅಂದಿಗೆ ನಮ್ಮ ಬಳಗದ ನೆಮ್ಮದಿ ಮುಗಿಯಿತು. ಮನೆಗೆ ಬಂದವರಿಗೆ ಕಾಫಿಗೂ ಮೊದಲು ಒಂದು ತಲೆದಿಂಬು ಕೊಡುತ್ತಿದ್ದರು. ಒರಗಿಕೊಳ್ಳಲು ಅಲ್ಲ, ಎದೆ ಒತ್ತುವುದನ್ನು ಅಭ್ಯಾಸ ಮಾಡಲು! ಮೊಮ್ಮಗಳನ್ನು ನೋಡಲು ದಾಸರಹಳ್ಳಿಯಿಂದ ಬಂದ ಗಂಡಿನ ಕಡೆಯವರೂ ತಪ್ಪಿಸಿಕೊಳ್ಳಲಾಗಲಿಲ್ಲ. ಹುಡುಗನ ತಂದೆ ರೇಷ್ಮೆ ಪಂಚೆ ಎತ್ತಿಕಟ್ಟಿ ದಿಂಬಿನ ಮೇಲೆ ಬಗ್ಗಿದ್ದನ್ನು ನಾನೇ ಕಂಡಿದ್ದೇನೆ. "ಮೊಣಕೈ ಮಡಿಸ್ಬೇಡಿ, ನೆಟ್ಟಗಿರ್ಲಿ" ಎಂದು ಅತ್ತೆ ತಿದ್ದುತ್ತಿದ್ದರು. ಅದೇನು ಪುಣ್ಯವೋ, ಮದುವೆ ಮಾತ್ರ ನಿಲ್ಲಲಿಲ್ಲ.

ದಿಂಬಿನಲ್ಲಿ ಮುಗಿದಿದ್ದರೆ ಸರಿ. ತಾಳ ತಪ್ಪಿ ಒದ್ದಾಡುವ ಹೃದಯಕ್ಕೆ ಶಾಕ್ ಕೊಟ್ಟು ದಾರಿಗೆ ತರುವ ಯಂತ್ರವೊಂದಿದೆಯಲ್ಲ, ಡಿಫಿಬ್ರಿಲೇಟರ್, ಅದು ಶಾಲೆಯಲ್ಲಿ ಇರಲೇಬೇಕು ಎಂದು ಹಟ ಹಿಡಿದರು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಿದ್ದವನು ಹೋಗಿಯೇಬಿಡುತ್ತಾನೆಂದು ಅದನ್ನು ಶಾಕ್ ಪೆಟ್ಟಿಗೆ ಎಂದು ಕರೆದರು. ಹೆಡ್ಮಾಸ್ಟರು ಸಾಧು ಮನುಷ್ಯ.

"ಆಂಬುಲೆನ್ಸ್ ಬರುತ್ತಲ್ಲ ಮೇಡಂ?"

"ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಲ್ಲಿ ಸಿಕ್ಕೊಂಡು ನಿಂತಿರೋ ಆಂಬುಲೆನ್ಸ್ ನೋಡಿಲ್ವಾ ಸಾರ್? ಎದೆ ಅಷ್ಟೊತ್ತು ಕಾಯಲ್ಲ."

"ಮಕ್ಕಳು ಒಬ್ಬರಿಗೊಬ್ಬರು ಶಾಕ್ ಕೊಟ್ಕೊಂಡ್ರೆ?"

"ಬೇಕಾದವ್ರಿಗೆ ಮಾತ್ರ ಅದು ಶಾಕ್ ಕೊಡೋದು, ತಾನೇ ಪರೀಕ್ಷೆ ಮಾಡಿ. ಬೇಡದವ್ರಿಗೆ ಶಾಕ್ ಕೊಡೋಕೆ ನಿಮ್ಮ ಮಾರ್ಕ್ಸ್ ಕಾರ್ಡ್ ಇದೆಯಲ್ಲ."

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಪೆಟ್ಟಿಗೆ ತಂದುಕೊಟ್ಟರು. ದುಬಾರಿ ವಸ್ತು ಎಂದು ಹೆಡ್ಮಾಸ್ಟರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅತ್ತೆ ಮರುದಿನವೇ ಹಾಜರು. ಯಾರಾದರೂ ಕದ್ದರೆ ಏನು ಗತಿ ಎಂದು ಹೆಡ್ಮಾಸ್ಟರು ಕೇಳಿದ್ದಕ್ಕೆ, "ಕದ್ದೋನಿಗೆ ಅರ್ಜೆಂಟಾಗಿ ಬೇಕಾಗಿರತ್ತೆ ಬಿಡಿ ಸಾರ್" ಎಂದರು. ಕೊನೆಗೆ ಪೆಟ್ಟಿಗೆ ಜಗಲಿಯ ಗೋಡೆಗೆ, ಕುಡಿಯುವ ನೀರಿನ ನಲ್ಲಿಯ ಪಕ್ಕಕ್ಕೆ ಬಂತು. ಬೆಳಗಿನ ವಾಕಿಂಗಿಗೆ ಬಂದ ಅತ್ತೆ, ಪೆಟ್ಟಿಗೆ ಸಿದ್ಧವಿದೆ ಎಂದು ತೋರಿಸುವ ಅದರ ಹಸಿರು ದೀಪ ಮಿನುಗುತ್ತಿದೆಯೇ ಎಂದು ನೋಡಿಯೇ ಮನೆಗೆ ಹೋಗುತ್ತಿದ್ದರು.

ಆಯುಧಪೂಜೆ ಬಂತು. ಶಾಲೆಯ ಗಂಟೆ, ಕಂಪ್ಯೂಟರು, ಕ್ರಿಕೆಟ್ ಬ್ಯಾಟು, ಎಲ್ಲದರ ಜೊತೆ ಶಾಕ್ ಪೆಟ್ಟಿಗೆಯೂ ಗೋಡೆಯಿಂದಿಳಿದು ಮಣೆ ಏರಿತು. ವಿಭೂತಿ ಪಟ್ಟೆ, ಚೆಂಡುಹೂವಿನ ಹಾರ, ಹಸಿರು ದೀಪದ ಮೇಲೆ ಸರಿಯಾಗಿ ಒಂದು ಕುಂಕುಮದ ಬೊಟ್ಟು. ಅತ್ತೆ ಸೆರಗಿನಿಂದ ಬೊಟ್ಟು ಒರೆಸಿ, ಪೆಟ್ಟಿಗೆಯನ್ನು ಮತ್ತೆ ಗೋಡೆಗೆ ಹಾಕಬೇಕು ಎಂದರು.

"ಪೂಜೆಗಿಟ್ಟಿದ್ದನ್ನ ನಾಳೆ ತನಕ ಕದಲಿಸಂಗಿಲ್ಲ ಮೇಡಂ, ಸಂಪ್ರದಾಯ" ಎಂದರು ಹೆಡ್ಮಾಸ್ಟರು.

"ಹಂಗಾದ್ರೆ ಎಲ್ರ ಎದೆಗೂ ಒಂದ್ ಮಾತು ಹೇಳ್ಬಿಡಿ ಸಾರ್, ನಾಳೆ ತನಕ ನಿಲ್ಬೇಡಿ ಅಂತ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಗುತ್ತಲೇ ಶಾಲೆಯ ಬಸ್ಸಿನ ಮುಂದೆ ಒಡೆಯಲು, ಒಳಗೆ ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿದೆ. ಎತ್ತಿದ್ದು ನೆನಪಿದೆ. ಮುಂದಿನದನ್ನು ಬೇರೆಯವರಿಂದ ಕೇಳಿ ಬರೆಯುತ್ತಿದ್ದೇನೆ, ಏಕೆಂದರೆ ಆ ಹೊತ್ತಿನಲ್ಲಿ ನಾನು ಹೆಚ್ಚುಕಡಿಮೆ ಸತ್ತಿದ್ದೆ!

ಕಾಯಿ ಒಂದು ಕಡೆ, ನಾನೊಂದು ಕಡೆ ಬಿದ್ದೆವಂತೆ. ಚೆಲ್ಲಿದ ಕುಂಕುಮವನ್ನು ರಕ್ತವೆಂದುಕೊಂಡು ಕೆಲವರು ಕೂಗಿಕೊಂಡರಂತೆ. ಅತ್ತೆ ಭುಜ ತಟ್ಟಿ ಕರೆದರು, ಉಸಿರು ನೋಡಿದರು, ಮಂಡಿಯೂರಿ ಎದೆ ಒತ್ತತೊಡಗಿದರು. "ಪೆಟ್ಗೆ ತನ್ನಿ" ಎಂದರು. ಇಬ್ಬರು ಮೂವರು ಮೇಷ್ಟರುಗಳು, ಪೂಜೆಗೆ ಬಂದಿದ್ದ ಪುರೋಹಿತರ ಮುಖ ನೋಡಿದರು. ಹೆಡ್ಮಾಸ್ಟರು ಯಾರ ಮುಖವನ್ನೂ ನೋಡದೆ, ಬರಿಗಾಲಲ್ಲಿ, ಹಾರದ ಸಮೇತ ಪೆಟ್ಟಿಗೆ ಎತ್ತಿಕೊಂಡು ಓಡಿ ಬಂದರು. ಅತ್ತೆ ನನ್ನ ಹೊಸ ಅಂಗಿ ಹರಿದು ಎದೆಗೆ ಪೆಟ್ಟಿಗೆಯ ಎರಡು ಪಟ್ಟಿ ಅಂಟಿಸಿದರು. ರೋಗಿಯಿಂದ ದೂರ ಸರಿಯಿರಿ ಎಂದು ಪೆಟ್ಟಿಗೆ ಇಂಗ್ಲಿಷಿನಲ್ಲಿ ಹೇಳಿತು. ಒಬ್ಬರೂ ಸರಿಯಲಿಲ್ಲ. ಅತ್ತೆ ಸೀಟಿ ಊದಿದರು. ಮೇಷ್ಟರುಗಳು, ಪುರೋಹಿತರು, ಬಸ್ಸಿನ ಡ್ರೈವರು, ಎಲ್ಲರೂ ಹಿಂದೆ ಸರಿದು ಸಾಲಾಗಿ ನಿಂತರಂತೆ. ಶಾಕ್ ಬಿತ್ತು. ಅತ್ತೆ ಮತ್ತೆ ಒತ್ತಿದರು. ಆಂಬುಲೆನ್ಸ್ ಬರುವ ಹೊತ್ತಿಗೆ ನಾನು ನರಳುತ್ತಿದ್ದೆ. ನರಳುವುದೆಂದರೆ ಬದುಕಿರುವುದು ತಾನೆ?

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅತ್ತೆ ಪಕ್ಕದ ಸ್ಟೂಲಿನ ಮೇಲಿದ್ದರು. ಸಿಕ್ಕಿಬಿದ್ದೆ ಎಂದುಕೊಂಡೆ. ಹೇಳಿರಲಿಲ್ಲವೇ ನಾನು, ಎಂದು ಶುರುಮಾಡಲು ಅವರಿಗೆ ಇದಕ್ಕಿಂತ ಒಳ್ಳೆಯ ಸಮಯ ಇನ್ನೆಲ್ಲಿ ಸಿಗಬೇಕು?

ಅವರು ಬಗ್ಗಿ, ಸಣ್ಣ ದನಿಯಲ್ಲಿ, "ತುಂಬಾ ನೋಯ್ತಿದೆಯೇನೋ?" ಎಂದರು.

ಪಕ್ಕೆಲುಬುಗಳು ಬಿರುಕುಬಿಟ್ಟಿದ್ದವು. ಉಸಿರೆಳೆದರೆ ಪ್ರಾಣ ಹೋದಂತಾಗುತ್ತಿತ್ತು.

"ಇಲ್ಲ ಅತ್ತೆ" ಎಂದೆ.

"ಒತ್ತೋವಾಗ ಒಳಗೆ ಮೂಳೆ ಮುರಿದಂಗಾಯ್ತು, ಗೊತ್ತಾಯ್ತು ನಂಗೆ. ಆದ್ರೂ ನಿಲ್ಲಿಸ್ಲಿಲ್ಲ ಕಣೋ" ಎಂದರು. ಇಡೀ ಶಾಲೆಯನ್ನು ನಡುಗಿಸಿದ ನಮ್ಮತ್ತೆ, ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಚಿಕ್ಕ ಹುಡುಗಿಯ ಹಾಗೆ ಅತ್ತರು. "ಕ್ಷಮಿಸ್ಬಿಡೋ, ಕಂದ" ಎಂದರು.